ರಿಟೈರ್ ಆದ ಮೇಲೆ ವಾಟರ್ ಪಾರ್ಕ್‌ನಲ್ಲಿ ಕೆಲಸಕ್ಕೆ ಹೋಗಬಹುದಾ? ಗೊತ್ತಿದ್ದವರು ಹೇಳಿ

ಕುಮಟಾ ಅಕ್ಕೋರು

ಎಲ್ಲರಿಗೂ ನಮಸ್ಕಾರ. ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ. ಈ ವರ್ಷ 60 ತುಂಬಿತು, ನಿವೃತ್ತಿ ಆಯಿತು. ಮನೆ ಕುಮಟಾ ಪೇಟೆಯಿಂದ ಸ್ವಲ್ಪ ಒಳಗೆ. ಹೆದ್ದಾರಿ ಪಕ್ಕದಲ್ಲಿ ಒಂದು ವಾಟರ್ ಪಾರ್ಕ್ ಇದೆ, ನೀರಿನ ಜಾರುಬಂಡಿ, ಮಕ್ಕಳ ಕೊಳ, ನಾಲ್ಕಾರು ತಿರುಗುವ ಆಟ, ಅಷ್ಟೇ, ತುಂಬಾ ದೊಡ್ಡದಲ್ಲ. ಮಳೆಗಾಲ ಮುಗಿದ ಮೇಲೆ ಕೆಲಸಕ್ಕೆ ಜನ ಬೇಕು, ನಿವೃತ್ತರೂ ಬರಬಹುದು ಅಂತ ಗೇಟಿನ ಹೊರಗೆ ಬೋರ್ಡ್ ಹಾಕಿದ್ದಾರೆ. ಒಳಗೆ ಹೋಗಿ ವಿಚಾರಿಸಿದೆ.

ಮ್ಯಾನೇಜರ್ ಚೆನ್ನಾಗಿಯೇ ಮಾತಾಡಿದರು. ಮೂರು ಜಾಗ ಖಾಲಿ ಇದೆಯಂತೆ. ಒಂದು ಟಿಕೆಟ್ ಕೌಂಟರ್. ಇನ್ನೊಂದು ಸಣ್ಣ ಮಕ್ಕಳ ಕೊಳದ ಹತ್ತಿರ ನಿಂತು ನೋಡಿಕೊಳ್ಳುವುದು. ಮೂರನೆಯದು ಕಪ್ಪು-ಬಸಿಯ ಆಕಾರದಲ್ಲಿ ಗರಗರ ತಿರುಗುವ ಒಂದು ಆಟ ಇದೆಯಲ್ಲ, ಅದರ ಆಪರೇಟರ್. "ಏನೂ ಕಷ್ಟ ಇಲ್ಲ ಮೇಡಂ, ಒಂದು ಹಸಿರು ಬಟನ್, ಒಂದು ಕೆಂಪು ಬಟನ್" ಅಂದರು. ಬೆಳಿಗ್ಗೆ 9:30ರಿಂದ ಸಂಜೆ 6. ವಾರಕ್ಕೆ ಒಂದು ರಜೆ, ಅದೂ ಭಾನುವಾರ ಅಲ್ಲ. ತಿಂಗಳಿಗೆ 12 ಸಾವಿರ.

ಈ ಆಸೆ ಹುಟ್ಟಿದ್ದು ಮಗಳ ಮನೆಗೆ ಹೋದಾಗ. ಅವಳು ಅಮೆರಿಕದ ಫ್ಲೋರಿಡಾದಲ್ಲಿ ಇದ್ದಾಳೆ. ಒರ್ಲ್ಯಾಂಡೊದ ದೊಡ್ಡ ಪಾರ್ಕಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಗೇಟಿನಲ್ಲಿ, ಸಾಲಿನ ಹತ್ತಿರ, ಅಂಗಡಿಯಲ್ಲಿ, ಎಲ್ಲಿ ನೋಡಿದರೂ ತಲೆ ಪೂರ್ತಿ ಬೆಳ್ಳಗಾದವರು ಕೆಲಸ ಮಾಡುತ್ತಿದ್ದರು. ಒಬ್ಬ ಅಜ್ಜಿ ನನ್ನ ಮೊಮ್ಮಗನ ಮುಂದೆ ಬಗ್ಗಿ ಅವನ ಎತ್ತರ ಅಳೆದು, "ಮುಂದಿನ ವರ್ಷ ಬಾ, ನಿನಗಾಗಿ ಕಾಯುತ್ತಿರುತ್ತೇನೆ" ಅಂತ ಹೇಳಿ ಕಳಿಸಿದರು. ಅವನು ಅಳಲೇ ಇಲ್ಲ. ನನಗೂ ಇಂಥದ್ದು ಬರುತ್ತದಲ್ಲ, ಇಷ್ಟು ವರ್ಷ ಮಾಡಿದ್ದು ಇದನ್ನೇ ಅಲ್ವಾ ಅನಿಸಿತು.

ಪಿಂಚಣಿ ಇದೆ. 2006ಕ್ಕೆ ಮೊದಲೇ ಸೇರಿದ್ದರಿಂದ ಹಳೆ ಪಿಂಚಣಿ. ಹೊಟ್ಟೆಪಾಡಿನ ಪ್ರಶ್ನೆ ಅಲ್ಲ. ಆದರೂ ಸಂಬಳ ಬಂದರೆ ಮನೆಯ ಮಾಡಿನ ರಿಪೇರಿಗೆ ಆಗುತ್ತದೆ. ಬಿಪಿ ಮಾತ್ರೆ ತಗೊಳ್ಳುತ್ತೇನೆ. ಮೊಣಕಾಲು ಆಗಾಗ ಹಿಡಿಯುತ್ತದೆ, ನಡೆದರೆ ತೊಂದರೆ ಇಲ್ಲ, ನಿಂತಲ್ಲೇ ನಿಂತರೆ ಕಷ್ಟ. ಮಗನಿಗೆ ಸುತಾರಾಂ ಇಷ್ಟ ಇಲ್ಲ.

ಇಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ಮೂರರಲ್ಲಿ ಯಾವುದು ಒಳ್ಳೆಯದು?

ಕಾರವಾರದ ಸೊಸೆ

ಅಕ್ಕೋರೆ ನಮಸ್ಕಾರ. ಮದುವೆಗೆ ಮೊದಲು ಬೇರೆ ಜಿಲ್ಲೆಯ ಒಂದು ದೊಡ್ಡ ಪಾರ್ಕಿನಲ್ಲಿ ಗ್ರಾಹಕರ ಡೆಸ್ಕ್‌ನಲ್ಲಿ ಇದ್ದೆ. ಈಗ ಕಾರವಾರ. ನನ್ನ ಜೊತೆ ರಿಟೈರ್ ಆದವರು ಕೆಲವರು ಕೆಲಸ ಮಾಡುತ್ತಿದ್ದರು, ಅವರು ಎಲ್ಲಿ ನೆಮ್ಮದಿಯಾಗಿ ಇದ್ದರು, ಎಲ್ಲಿ ಒಂದೇ ತಿಂಗಳಿಗೆ ಬಿಟ್ಟು ಹೋದರು ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ಟಿಕೆಟ್ ಕೌಂಟರ್ ಅಂದರೆ ಕೂತು ಮಾಡುವ ಕೆಲಸ, ಫ್ಯಾನ್ ಇರುತ್ತದೆ, ಎಲ್ಲರೂ ಅದನ್ನೇ ಕೇಳುತ್ತಾರೆ. ಆದರೆ ತಲೆನೋವು ಜಾಸ್ತಿ. ತುಂಬಾ ಪಾರ್ಕ್‌ಗಳಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲೆ ಅಲ್ಲ, ಎತ್ತರದ ಮೇಲೆ. ಗೋಡೆಗೆ ಒಂದು ಅಳತೆ ಪಟ್ಟಿ ಅಂಟಿಸಿರುತ್ತಾರೆ. ಅಪ್ಪ ಮಗನ ಭುಜ ಒತ್ತಿ ಹಿಡಿದು "ನೋಡಿ, ಗೆರೆ ಮುಟ್ಟೋದಿಲ್ಲ" ಅಂತಾನೆ. ಒಳಗೆ ಹೋದ ಮೇಲೆ ಅದೇ ಅಪ್ಪ ದೊಡ್ಡವರ ಸ್ಲೈಡ್ ಹತ್ತಿರ ಅದೇ ಮಗನನ್ನು ತುದಿಗಾಲಲ್ಲಿ ನಿಲ್ಲಿಸುತ್ತಾನೆ. ಈ ಜಗಳ ದಿನಾ ಇದ್ದದ್ದೇ. ಜೊತೆಗೆ ಯುಪಿಐ ದುಡ್ಡು ಬಂತೋ ಇಲ್ಲವೋ ಅನ್ನುವ ಗೊಂದಲ, ಸಂಜೆ ಲೆಕ್ಕ ತಾಳೆ ಆಗದಿದ್ದರೆ ಸಂಬಳದಲ್ಲಿ ಹಿಡಿಯುವ ಮಾತು. ಕೌಂಟರ್ ತಗೊಳ್ಳುವುದಾದರೆ ಕಡಿಮೆ ಬಿದ್ದ ದುಡ್ಡಿಗೆ ಯಾರು ಹೊಣೆ ಅಂತ ಮೊದಲೇ ಕೇಳಿಕೊಳ್ಳಿ.

ಮಕ್ಕಳ ಕೊಳ ನೋಡಲು ಸುಲಭದ ಕೆಲಸದ ಹಾಗೆ ಕಾಣುತ್ತದೆ. ಹಾಗಿಲ್ಲ. ನೀರು ಮೊಣಕಾಲಿನವರೆಗೆ ಇದ್ದರೂ ಸಣ್ಣ ಮಗು ಮುಳುಗಬಹುದು. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತಾ ಇರುತ್ತದೆ, ಉಸಿರಾಡಲೇ ಆಗದಿರುವಾಗ ಕೂಗುವುದು ಹೇಗೆ? ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು. ಅದಕ್ಕೇ ಕೊಳಕ್ಕೆ ತರಬೇತಿ ಆದ ಲೈಫ್‌ಗಾರ್ಡ್ ಇರಲೇಬೇಕು, ಮತ್ತು ಅವರನ್ನು ಆಗಾಗ ಬದಲಾಯಿಸುತ್ತಾ ಇರಬೇಕು, ಒಬ್ಬರೇ ಗಂಟೆಗಟ್ಟಲೆ ನೀರು ನೋಡುತ್ತಾ ನಿಂತರೆ ಕಣ್ಣು ಮಂಕಾಗುತ್ತದೆ. ಲೈಫ್‌ಗಾರ್ಡ್ ಜೊತೆಗೆ ನೀವಿದ್ದರೆ ಸಂತೋಷ. ಲೈಫ್‌ಗಾರ್ಡ್ ಬದಲಿಗೆ ನಿಮ್ಮನ್ನು ನಿಲ್ಲಿಸುವುದಾದರೆ ದಯವಿಟ್ಟು ಒಪ್ಪಬೇಡಿ.

ನಿಮ್ಮನ್ನು ನೋಡಿದರೆ ಆ ಮೂರೂ ಅಲ್ಲದ ನಾಲ್ಕನೇ ಕೆಲಸ ನೆನಪಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಶಾಲೆಯ ಪ್ರವಾಸದ ಬಸ್ಸುಗಳು ಬರುತ್ತವೆ. ನಮ್ಮಲ್ಲಿಗೆ ಬರುತ್ತಿದ್ದ ಹಾಗೆ ನಿಮ್ಮಲ್ಲಿಗೆ ಹಾವೇರಿ, ಗದಗ ಕಡೆಯ ಶಾಲೆಗಳು ಬರಬಹುದು. ಒಂದೇ ಬೆಳಿಗ್ಗೆ ನೂರಾರು ಮಕ್ಕಳು, ಜೊತೆಗೆ ಮೂರೋ ನಾಲ್ಕೋ ಟೀಚರ್. ಮಕ್ಕಳಿಗೆ ನೀರು ಕಂಡ ಕೂಡಲೇ ಕಿವಿ ಕೇಳುವುದಿಲ್ಲ. ನಮ್ಮಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ತರು ಇದ್ದರು. ಮೈಕ್ ಕೂಡ ಬಳಸುತ್ತಿರಲಿಲ್ಲ. ಬಸ್ಸಿನ ಬಾಗಿಲಲ್ಲೇ ನಿಂತು ಇಬ್ಬಿಬ್ಬರ ಜೋಡಿ ಮಾಡಿ, "ನಿನ್ನ ಜೋಡಿ ಕಾಣದಿದ್ದರೆ ಆಟ ನಿಲ್ಲಿಸಿ ನನ್ನ ಹತ್ತಿರ ಬರಬೇಕು" ಅಂತ ಹೇಳಿಸಿಕೊಂಡೇ ಒಳಗೆ ಬಿಡುತ್ತಿದ್ದರು. ಅವರು ರಜೆ ಹಾಕಿದ ದಿನ ನಮಗೆಲ್ಲ ಕೈಕಾಲು ಆಡುತ್ತಿರಲಿಲ್ಲ.

ಮಕ್ಕಳು ತಪ್ಪಿಸಿಕೊಂಡಾಗಲೂ ಅವರೇ. ಇದರಲ್ಲಿ ಒಂದು ಪದ್ಧತಿ ಇದೆ. ಸಿಕ್ಕ ಮಗುವಿನ ಹೆಸರು, ಬಟ್ಟೆಯ ಬಣ್ಣ ಎಲ್ಲ ಮೈಕಿನಲ್ಲಿ ಕೂಗಬಾರದು. ಕೂಗಿದರೆ ಯಾರು ಬೇಕಾದರೂ ಬಂದು ನನ್ನ ಮಗು ಅನ್ನಬಹುದು. ಮಗುವನ್ನು ಒಂದೇ ಜಾಗದಲ್ಲಿ ಇಬ್ಬರು ಸಿಬ್ಬಂದಿ ಇರುವ ಕಡೆ ಕೂರಿಸಿ, ಬಂದವರಿಂದಲೇ ಹೆಸರು, ಬಟ್ಟೆ, ಗುರುತು ಹೇಳಿಸಿ ಆಮೇಲೆ ಕೊಡಬೇಕು. ಅಲ್ಲಿಯವರೆಗೆ ಅಳುವ ಮಗುವನ್ನು ಸಮಾಧಾನ ಮಾಡುವುದಿದೆಯಲ್ಲ, ಅದು 22 ವರ್ಷದ ಹುಡುಗರಿಗೆ ಬರುವುದಿಲ್ಲ ಅಕ್ಕೋರೆ, ನಿಮಗೆ ಬರುತ್ತದೆ.

ಮ್ಯಾನೇಜರ್ ಹತ್ತಿರ ಇದನ್ನೇ ಕೇಳಿ. ಶಾಲೆ ಗುಂಪುಗಳನ್ನು ನೋಡಿಕೊಳ್ಳುವುದು, ತಪ್ಪಿಹೋದ ಮಕ್ಕಳ ಡೆಸ್ಕ್, ಎರಡೂ ಸೇರಿ ಒಂದು ಕೆಲಸ. ಬೋರ್ಡಿನಲ್ಲಿ ಇಲ್ಲ ಅಂದರೆ ಅವರಿಗೆ ಇದು ಹೊಳೆದಿಲ್ಲ ಅಂತ ಅರ್ಥ.

ಶಿರಸಿ ಸ್ಪ್ಯಾನರ್

ಮೇಲಿನ ತಂಗಿ ಹೇಳಿದ್ದು ಸರಿ ಇದೆ. ನಾನು ಆಪರೇಟರ್ ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಬಸ್ ಡಿಪೋ ವರ್ಕ್‌ಶಾಪ್‌ನಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವನು. ಆಮೇಲೆ ಕರಾವಳಿಯ ಒಂದು ಪಾರ್ಕಿನಲ್ಲಿ ಆಟದ ಯಂತ್ರಗಳ ನಿರ್ವಹಣೆ ನೋಡಿಕೊಂಡೆ. ಈಗಲೂ ಕರೆದರೆ ಹೋಗುತ್ತೇನೆ.

ಅಕ್ಕೋರೆ, ಹಸಿರು ಬಟನ್ ಕೆಂಪು ಬಟನ್ ಅಷ್ಟೇ ಅಂತ ಹೇಳಿದ್ದು ಕೇಳಿ ನನಗೆ ಕಸಿವಿಸಿ ಆಯಿತು. ಬಟನ್ ಒತ್ತುವುದು ಕೆಲಸದ ಸಣ್ಣ ಭಾಗ. ಬೆಳಿಗ್ಗೆ ಗೇಟ್ ತೆಗೆಯುವ ಮೊದಲು ಯಂತ್ರದ ಸುತ್ತ ಒಂದು ಸುತ್ತು ಬಂದು ನೋಡಬೇಕು. ಖಾಲಿ ಓಡಿಸಿ ಶಬ್ದ ಕೇಳಬೇಕು. ಪ್ರತಿ ಸೀಟಿನ ಲಾಕ್ ಎಳೆದು ನೋಡಬೇಕು. ಎಲ್ಲ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಸಹಿ ಹಾಕಿದ ಮೇಲೆ ಏನಾದರೂ ಆದರೆ ಮೊದಲು ಕೇಳುವುದು ಸಹಿ ಹಾಕಿದವರನ್ನೇ. ಯಾರೂ ಕಲಿಸದೆ ಸಹಿ ಹಾಕಿಸಿಕೊಂಡರೆ ಅದು ನಿಮ್ಮ ಕುತ್ತಿಗೆಗೆ ಬರುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಶತ್ರು ಉಪ್ಪುಗಾಳಿ. ಘಟ್ಟದ ಮೇಲೆ ಹತ್ತು ವರ್ಷ ಬಾಳುವ ಬೋಲ್ಟ್ ಸಮುದ್ರದ ಹತ್ತಿರ ಅಷ್ಟು ಬಾಳುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಅಂತ ನಂಬಿ ಕೂರುವ ಹಾಗೂ ಇಲ್ಲ. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ 304 ಗ್ರೇಡಿಗೆ ಉಪ್ಪು ತಾಗಿದರೆ ಚುಕ್ಕಿ ಚುಕ್ಕಿಯಾಗಿ ತುಕ್ಕು ತಿನ್ನುತ್ತದೆ. 316 ಗ್ರೇಡ್ ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು. ವಾಟರ್ ಪಾರ್ಕಿನಲ್ಲಿ ಗಾಳಿಯ ಉಪ್ಪಿನ ಜೊತೆ ನೀರಿನ ಕ್ಲೋರಿನ್ ಬೇರೆ. ಅದರ ಮೇಲೆ ನಾಲ್ಕು ತಿಂಗಳ ಮಳೆಯಲ್ಲಿ ಯಂತ್ರ ನಿಂತೇ ಇರುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲಿ ಬಾಗಿಲು ತೆಗೆಯುವಾಗಲೇ ಹೆಚ್ಚು ಎಚ್ಚರ ಬೇಕು.

ಮೆಕ್ಯಾನಿಕ್ ಅಲ್ಲದವರೂ ನೋಡಬಹುದಾದ ಎರಡು ಗುರುತು ಹೇಳುತ್ತೇನೆ. ಒಂದು, ಬೋಲ್ಟಿನ ಬುಡದಲ್ಲಿ ಬಣ್ಣ ಗುಳ್ಳೆ ಎದ್ದಿದೆಯಾ ನೋಡಿ. ಗುಳ್ಳೆ ಒಡೆದು ಒಳಗಿಂದ ಕೆಂಪು ಪುಡಿ ಉದುರಿದರೆ ತುಕ್ಕು ಒಳಗೇ ಕೂತಿದೆ. ಎರಡು, ಚೆನ್ನಾಗಿ ನಡೆಸುವ ಕಡೆ ನಟ್ಟಿನ ಮೇಲಿಂದ ಬೋಲ್ಟಿನ ಮೇಲಕ್ಕೆ ಹಾಯುವ ಹಾಗೆ ಬಣ್ಣದಲ್ಲಿ ಒಂದೇ ಗೆರೆ ಎಳೆದಿರುತ್ತಾರೆ. ನಟ್ಟು ಒಂಚೂರು ತಿರುಗಿದರೂ ಗೆರೆ ಅಲ್ಲಿ ತುಂಡಾಗಿ ಕಾಣುತ್ತದೆ. ಸ್ಪ್ಯಾನರ್ ಹಿಡಿಯುವುದೇ ಬೇಡ, ಕಣ್ಣಿದ್ದರೆ ಸಾಕು. ನೀವು ಹೇಳಿದ ಆ ತಿರುಗುವ ಆಟದ ಹತ್ತಿರ ಹೋಗಿ ನೋಡಿ, ಆ ಗೆರೆ ಇದೆಯಾ? ಇದ್ದರೆ ಅಲ್ಲಿ ಯಾರೋ ಕೆಲಸ ಗೊತ್ತಿದ್ದವರು ಇದ್ದಾರೆ.

ಎಲ್ಲಕ್ಕಿಂತ ಮುಖ್ಯ ಮಾತು. ಮ್ಯಾನೇಜರ್ ಹತ್ತಿರ ಸಂಬಳ ಕೇಳುವ ಮೊದಲು ಇದನ್ನು ಕೇಳಿ: "ನನಗೆ ಸಂಶಯ ಬಂದರೆ, ಯಾರನ್ನೂ ಕೇಳದೆ ಆಟ ನಿಲ್ಲಿಸಬಹುದಾ?" ಹೌದು ಅಂತ ಕೂಡಲೇ ಹೇಳಿದರೆ ಒಳ್ಳೆಯ ಜಾಗ. "ಮೊದಲು ನನಗೆ ಫೋನ್ ಮಾಡಿ" ಅಂದರೆ ಆ ಯಂತ್ರದ ಹತ್ತಿರ ಹೋಗಬೇಡಿ. ಫೋನ್ ಎತ್ತುವಷ್ಟರಲ್ಲಿ ಮೂರು ಸುತ್ತು ಮುಗಿದಿರುತ್ತದೆ. ಈ ಯಂತ್ರಗಳಿಗೂ ವಾಟರ್ ಪಾರ್ಕಿಗೂ ನಮ್ಮ ದೇಶದಲ್ಲೇ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ ಇದೆ, ಅದನ್ನು ಪಾಲಿಸುತ್ತಾರಾ, ಪರೀಕ್ಷೆ ಮಾಡಿಸಿದ ಕಾಗದ ಇದೆಯಾ ಅಂತಲೂ ಕೇಳಬಹುದು. ಕೇಳಿದರೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಕೆಲಸವೇ ಬೇಡ.

ಗುಡುಗಿನ ವಿಷಯವೂ ಹಾಗೇ. ಏಪ್ರಿಲ್, ಮೇ ಸಂಜೆ ಮತ್ತೆ ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಸಿಡಿಲು ಜಾಸ್ತಿ. ಗುಡುಗು ಕೇಳಿತು ಅಂದರೆ ಎಲ್ಲರನ್ನೂ ನೀರಿನಿಂದ ಹೊರಗೆ ಕಳಿಸಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಇಳಿಸಬಾರದು. "ದುಡ್ಡು ಕೊಟ್ಟು ಬಂದಿದ್ದೀವಿ" ಅಂತ ಜನ ಮೈಮೇಲೆ ಬರುತ್ತಾರೆ. ಆಗ ಗಟ್ಟಿಯಾಗಿ, ಆದರೆ ಸಿಟ್ಟಿಲ್ಲದೆ ಇಲ್ಲ ಅನ್ನಲು ಒಬ್ಬರು ಬೇಕು. ಅದು ನಿಮ್ಮಂಥವರಿಂದ ಆಗುತ್ತದೆ, ಇಲ್ಲ ಅನ್ನುವುದನ್ನು ಇಡೀ ಸರ್ವಿಸ್ ಮಾಡಿದ್ದೀರಿ.

ಶಿರಸಿ ಮಾರಿಕಾಂಬಾ ಜಾತ್ರೆಗೆ ಎರಡು ವರ್ಷಕ್ಕೊಮ್ಮೆ ದೊಡ್ಡ ತೊಟ್ಟಿಲು ಬರುತ್ತದಲ್ಲ, ನಾನು ಈಗಲೂ ಮೊಮ್ಮಕ್ಕಳನ್ನು ಹತ್ತಿಸುವ ಮೊದಲು ಬುಡಕ್ಕೆ ಹೋಗಿ ನೋಡಿಯೇ ಹತ್ತಿಸುವುದು.

ಕೋಡಿಬಾಗ

ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ ಮೇಡಂ. ಬ್ಯಾಂಕಿನಲ್ಲಿ ಇದ್ದು ನಿವೃತ್ತ ಆದವನು ನಾನು. ಪಿಂಚಣಿ ಬರುವವರು 12 ಸಾವಿರದ ಕೆಲಸಕ್ಕೆ ಹೋದರೆ ಆ ಜಾಗಕ್ಕೆ ಬರಬೇಕಾದ ಒಬ್ಬ ಹುಡುಗ ಗೋವಾಕ್ಕೆ ಹೋಗಬೇಕಾಗುತ್ತದೆ. ಕಾರವಾರ, ಅಂಕೋಲೆಯ ಎಷ್ಟು ಹುಡುಗರು ದಿನಾ ಬೆಳಿಗ್ಗೆ ಗಡಿ ದಾಟಿ ಕೆಲಸಕ್ಕೆ ಹೋಗುತ್ತಾರೆ, ನಾವೆಲ್ಲ ನೋಡುವುದಿಲ್ಲವಾ?

ಇನ್ನೊಂದು, ಬಿಸಿಲು. ನಮ್ಮ ಮಾರ್ಚ್, ಏಪ್ರಿಲ್ ಸೆಕೆಯಲ್ಲಿ ಮನೆಯೊಳಗೆ ಕೂರಲು ಆಗುವುದಿಲ್ಲ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿಸುವಂಥವು ಇರುತ್ತವೆ. ಅದನ್ನು ತಗೊಂಡು ದಿನವಿಡೀ ಬೆವರು ಸುರಿಸಿದರೆ ತಲೆ ತಿರುಗಿ ಬೀಳಬಹುದು. ಡಾಕ್ಟರನ್ನು ಕೇಳದೆ ಹೋಗಬೇಡಿ.

ಮಕ್ಕಳ ಜೊತೆ ಇರಬೇಕು ಅಂತಿದ್ದರೆ ದಾರಿ ಬೇರೆಯೂ ಇದೆ. ಇಲ್ಲಿ ಕಾರವಾರದ ಟಾಗೋರ್ ಬೀಚಿನಲ್ಲಿ ಚಪಲ್ ಯುದ್ಧನೌಕೆ ಇದೆ, ಈಗ ಪಕ್ಕದಲ್ಲೇ ನೌಕಾಪಡೆಯ ಟುಪೊಲೆವ್ ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. ಪ್ರವಾಸದ ಮಕ್ಕಳು ಬರುತ್ತಾರೆ, ಸುಮ್ನೆ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅವರಿಗೆ ನಿಂತು ವಿವರಿಸುವ ಒಬ್ಬ ಟೀಚರ್ ಇದ್ದರೆ ಎಷ್ಟು ಚೆನ್ನ. ಅಂಥದ್ದು ನಿಮಗೆ ಒಪ್ಪುತ್ತದೆ. ಟಿಕೆಟ್ ಹರಿಯುವುದು ಯಾಕೆ?

ಕುಮಟಾ ಅಕ್ಕೋರು

ಎಲ್ಲರ ಉತ್ತರ ಓದಿದೆ. ಶಿರಸಿ ಅಣ್ಣಾ, ನೀವು ಬರೆದದ್ದನ್ನು ಮಗನಿಗೂ ಓದಿ ಹೇಳಿದೆ.

ಕೋಡಿಬಾಗ ಸರ್, ಹುಡುಗರ ಮಾತು ಹೇಳಿದಿರಿ, ಅದು ನಿಜವಾದ ಮಾತು, ನನ್ನನ್ನೂ ಯೋಚನೆಗೆ ಹಚ್ಚಿತು. ಆಪರೇಟರ್ ಜಾಗ ಐಟಿಐ ಮಾಡಿದ ಹುಡುಗನಿಗೇ ಸಿಗಬೇಕು, ಅದನ್ನು ನಾನು ತೆಗೆದುಕೊಳ್ಳುವುದಿಲ್ಲ. ಆದರೆ ಅಳುವ ಮಗುವನ್ನು ಕೂರಿಸಿಕೊಳ್ಳುವ ಕೆಲಸಕ್ಕೆ ಅಲ್ಲಿ ಈಗ ಯಾರೂ ಇಲ್ಲ. ಇಲ್ಲದ ಜಾಗಕ್ಕೆ ನಾನು ಹೋದರೆ ಯಾರ ಅನ್ನ ಕಸಿದ ಹಾಗೆ ಆಗುತ್ತದೆ?

ಟಿಕೆಟ್ ಹರಿಯುವುದು ಯಾಕೆ ಅಂದಿರಿ. ಮಗನೂ ಅದನ್ನೇ ಅನ್ನುತ್ತಾನೆ, "ಅಕ್ಕೋರು ಅಂತ ಊರೆಲ್ಲ ಕೈ ಮುಗಿಯುತ್ತಾರೆ, ನೀನು ಯೂನಿಫಾರ್ಮ್ ಟೀ ಶರ್ಟ್ ಹಾಕಿಕೊಂಡು ಗೇಟಿನಲ್ಲಿ ನಿಲ್ಲುತ್ತೀಯಾ" ಅಂತ. ನಾನು ಶಾಲೆಯಲ್ಲಿ ಮಾಡಿದ್ದು ಬರೀ ಪಾಠ ಅಲ್ಲ ಸರ್. ಬಿಸಿಯೂಟದ ಅಕ್ಕಿ ತೂಗಿದ್ದೇನೆ, ಮಕ್ಕಳ ಮೂಗು ಒರೆಸಿದ್ದೇನೆ, ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಒಬ್ಬೊಬ್ಬರನ್ನೇ ಕೈ ಹಿಡಿದು ಸಂಕ ದಾಟಿಸಿದ್ದೇನೆ. ಆಗ ಯಾರೂ ಇದು ನಿಮಗೆ ಒಪ್ಪುವುದಿಲ್ಲ ಅನ್ನಲಿಲ್ಲ. ಮಕ್ಕಳು ಇರುವ ಕಡೆ ಇರಬೇಕು ಅನ್ನುವುದು ನನ್ನ ಆಸೆ. ಬೇಸಿಗೆ ರಜೆಯ ಎರಡು ತಿಂಗಳೇ ಮನೆ ಬಿಕೋ ಅನ್ನುತ್ತಿತ್ತು, ಈಗ ವರ್ಷ ಪೂರ್ತಿ ರಜೆ.

ಟೀ ಶರ್ಟ್ ವಿಷಯ ಕೇಳಿದ್ದೇನೆ. ಸೀರೆ ಉಟ್ಟು ಒದ್ದೆ ನೆಲದಲ್ಲಿ ಓಡಾಡುವುದು ಅಪಾಯ, ಅದು ನನಗೂ ಗೊತ್ತು. ಚೂಡಿದಾರದ ಮೇಲೆ ಅವರ ಕೋಟು ಹಾಕಿಕೊಂಡರೆ ಸಾಕು ಅಂದರು.

ಹೊನ್ನಾವರದಿಂದ ಒರ್ಲ್ಯಾಂಡೊ

ಅಕ್ಕೋರೆ, ನಮ್ಮ ಮೂಲ ಕಾಸರಕೋಡು, ಹೊನ್ನಾವರದ್ದು. ಈಗ ಒರ್ಲ್ಯಾಂಡೊದಲ್ಲೇ ಇದ್ದೇನೆ. ನೀವು ನೋಡಿದ ಆ ಅಜ್ಜಿಯಂಥವರು ನನ್ನ ಅಕ್ಕಪಕ್ಕದ ಮನೆಗಳಲ್ಲೇ ಇದ್ದಾರೆ.

ಇಲ್ಲಿಯ ಡಿಸ್ನಿ ವರ್ಲ್ಡ್ ಶುರುವಾಗಿದ್ದು 1971ರಲ್ಲಿ. ಈಗ ನಾಲ್ಕು ದೊಡ್ಡ ಪಾರ್ಕ್, ಎರಡು ವಾಟರ್ ಪಾರ್ಕ್, ಹೋಟೆಲ್‌ಗಳು ಸೇರಿ ಅದೇ ಒಂದು ಊರು. ಕೆಲಸದವರನ್ನು ಕಾಸ್ಟ್ ಮೆಂಬರ್ ಅಂತಾರೆ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರು, ಕೆಳಗೆ ಊರಿನ ಹೆಸರು ಇರುತ್ತದೆ. ಊರು ನೋಡಿ ಬಂದವರೇ ಮಾತಿಗೆ ಇಳಿಯುತ್ತಾರೆ. ವಯಸ್ಸಾದವರಿಗೆ ಈ ಮಾತುಕತೆಯೇ ದೊಡ್ಡ ಆಕರ್ಷಣೆ. ಜೊತೆಗೆ ಮನೆಯವರನ್ನು ಪಾರ್ಕಿಗೆ ಪುಕ್ಕಟೆ ಕರೆದುಕೊಂಡು ಹೋಗುವ ಪಾಸ್ ಸಿಗುತ್ತದೆ, ಮೊಮ್ಮಕ್ಕಳಿಗಾಗಿಯೇ ಸೇರಿದವರನ್ನು ನೋಡಿದ್ದೇನೆ.

ಆದರೆ ಎಲ್ಲರೂ ಖುಷಿಗೆ ಮಾಡುವವರಲ್ಲ. ಇಲ್ಲಿ ಸರ್ಕಾರದ ಪೂರ್ತಿ ಪಿಂಚಣಿ ಸಿಗುವ ವಯಸ್ಸು 1960 ಮತ್ತು ಆಮೇಲೆ ಹುಟ್ಟಿದವರಿಗೆ 67. ಸರ್ಕಾರಿ ಆರೋಗ್ಯ ವಿಮೆ ಸಿಗುವುದು 65ಕ್ಕೆ. ಅಷ್ಟರೊಳಗೆ ಕೆಲಸ ಹೋದವರು ವಿಮೆಗಾಗಿ, ಮನೆ ಬಾಡಿಗೆಗಾಗಿ ದುಡಿಯುತ್ತಾರೆ. ಫ್ಲೋರಿಡಾದ ಸೆಕೆ ನಮ್ಮ ಕುಮಟಾ ಸೆಕೆಗೆ ಏನೂ ಕಡಿಮೆ ಇಲ್ಲ, ಅದರಲ್ಲೇ ನಿಂತಿರುತ್ತಾರೆ. ಪಕ್ಕದ ಮನೆಯ ಅಜ್ಜ ಒಬ್ಬರು ವಾರಕ್ಕೆ ಎರಡೇ ದಿನ ಹೋಗುತ್ತಾರೆ, ಅವರ ಮುಖದಲ್ಲಿ ಸಂತೋಷ ಇದೆ. ಐದು ದಿನ ಹೋಗುವವರು ಸಂಜೆ ಕಾಲಿಗೆ ಐಸ್ ಇಟ್ಟುಕೊಂಡು ಕೂರುತ್ತಾರೆ. ನಿಮಗೆ ನನ್ನ ಸಲಹೆ ಇಷ್ಟೇ, ದಿನ ಕಡಿಮೆ ಮಾಡಿಸಿಕೊಳ್ಳಿ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಓದುವ ಬೇರೆ ಅಪ್ಪ ಅಮ್ಮಂದಿರಿಗೂ ಆಗುತ್ತದೆ. ಮಕ್ಕಳ ಮನೆಗೆ ಪ್ರವಾಸಿ ವೀಸಾದಲ್ಲಿ ಬಂದವರು ಇಲ್ಲಿ ಯಾವ ಸಂಬಳದ ಕೆಲಸವನ್ನೂ ಮಾಡುವ ಹಾಗಿಲ್ಲ, ಕೈಗೆ ನಗದು ಕೊಡುತ್ತೇವೆ ಅಂದರೂ ಇಲ್ಲ. ಸಿಕ್ಕಿಬಿದ್ದರೆ ಮುಂದೆ ವೀಸಾ ಸಿಗುವುದೇ ಕಷ್ಟ. ಗ್ರೀನ್ ಕಾರ್ಡ್ ಇದ್ದವರು ಮಾಡಬಹುದು.

ನಮ್ಮೂರ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚು ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿದ ಮೇಲೆ ಬರುವ ಜನ ಜಾಸ್ತಿ ಆಗಿದ್ದಾರೆ. ಇಂಥ ಕೆಲಸಗಳು ನಮ್ಮ ಕಡೆ ಇನ್ನೂ ಬರುತ್ತವೆ. ನಿಮ್ಮಂಥವರು ಮೊದಲು ಹೋಗಿ ಒಳ್ಳೆಯ ಪದ್ಧತಿ ಹಾಕಿಕೊಟ್ಟರೆ ಮುಂದಿನವರಿಗೂ ಅನುಕೂಲ.

ಅಂಕೋಲೆ ಲೆಕ್ಕದವ

ಕಾಗದದ ವಿಷಯ ಯಾರೂ ಹೇಳಿಲ್ಲ, ಬೇಗ ಹೇಳಿಬಿಡುತ್ತೇನೆ. ನೇಮಕಾತಿ ಪತ್ರ ಇಲ್ಲದೆ ಸೇರಬೇಡಿ. ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ, ಇದೆಯಾ ಕೇಳಿ. ಸಂಬಳ 21 ಸಾವಿರದೊಳಗೆ ಇದ್ದರೆ, ಸಂಸ್ಥೆ ಆ ಕಾಯ್ದೆಗೆ ಬರುವಂಥದ್ದಾದರೆ, ನಿಮ್ಮ ಸಂಬಳದಿಂದ ಶೇ 0.75, ಅವರಿಂದ ಶೇ 3.25 ಕಟ್ಟಬೇಕು. ಒದ್ದೆ ನೆಲದಲ್ಲಿ ಜಾರಿ ಬಿದ್ದು ಮೂಳೆ ಮುರಿದರೆ ಆಗ ಅದರ ಬೆಲೆ ಗೊತ್ತಾಗುತ್ತದೆ. ಇಎಸ್‌ಐ ಇಲ್ಲ ಅಂದರೆ ಅಪಘಾತ ವಿಮೆ ಏನು ಮಾಡಿದ್ದೀರಿ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಪಿಎಫ್ ಹಿಡಿದರೆ ಹಿಡಿಯಲಿ, ನಿಮ್ಮ ದುಡ್ಡೇ. 58 ದಾಟಿದ್ದರಿಂದ ಪಿಎಫ್‌ನ ಪಿಂಚಣಿ ಯೋಜನೆಗೆ ನೀವು ಸೇರುವುದಿಲ್ಲ, ಮಾಲೀಕರ ಪಾಲು ಪೂರ್ತಿ ನಿಮ್ಮ ಪಿಎಫ್ ಖಾತೆಗೇ ಬರಬೇಕು. ಇದನ್ನು ಒಮ್ಮೆ ಪಾಸ್‌ಬುಕ್‌ನಲ್ಲಿ ನೋಡಿಕೊಳ್ಳಿ.

ತೆರಿಗೆ ಲೆಕ್ಕದಲ್ಲಿ ಪಿಂಚಣಿ, ಸಂಬಳ ಎರಡೂ ಸೇರುತ್ತವೆ. ಹೊಸ ತೆರಿಗೆ ಪದ್ಧತಿಯ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಿಂದ ನೇರವಾಗಿ ಕಳೆಯುವ ಮೊತ್ತ) ಎರಡಕ್ಕೂ ಸೇರಿ ಒಂದೇ ಸಲ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬರುವುದಿಲ್ಲ, ಹಾಗಾಗಿ ನಿಮಗೆ ಹೊರೆ ಆಗುವ ಸಂಭವ ಕಡಿಮೆ. ಆದರೆ ರಿಟರ್ನ್ ಮಾತ್ರ ಹಾಕಲೇಬೇಕು, ಬ್ಯಾಂಕ್ ಬಡ್ಡಿಯನ್ನೂ ಸೇರಿಸಿ.

ಓಡಾಟದ ಖರ್ಚು ನಿಮಗೆ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಸಂಜೆ 6ಕ್ಕೆ ಕೆಲಸ ಬಿಟ್ಟರೆ ಪಾರ್ಕಿನ ಎದುರು ಯಾವ ಬಸ್ ನಿಲ್ಲಿಸುತ್ತಾನೆ ಅನ್ನುವುದನ್ನು ಒಮ್ಮೆ ನಿಂತು ನೋಡಿ. ಚತುಷ್ಪಥ ಆದ ಮೇಲೆ ಹೆದ್ದಾರಿ ದಾಟುವುದೇ ಒಂದು ಸಾಹಸ. ಅವರ ವ್ಯಾನ್ ಇದ್ದರೆ ಅದರಲ್ಲೇ ಬರುತ್ತೇನೆ ಅಂತ ಹಟ ಹಿಡಿಯಿರಿ.

ಕುಮಟಾ ಅಕ್ಕೋರು

ಇವತ್ತು ಹೋಗಿ ಬಂದೆ. ನೀವೆಲ್ಲ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ, ಮ್ಯಾನೇಜರ್ ಎದುರು ಕೂತು ಒಂದೊಂದೇ ಕೇಳಿದೆ.

ಮೊದಲು ಆಟ ನಿಲ್ಲಿಸುವ ಮಾತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಪರೇಟರ್ ಯಾರಾದರೂ ನಿಲ್ಲಿಸಬಹುದು, ಆಮೇಲೆ ಹೇಳಿದರೆ ಸಾಕು ಅಂದರು. ಹಾಗಾದರೆ ಅದನ್ನು ಯಂತ್ರದ ಪಕ್ಕ ಬೋರ್ಡಿನಲ್ಲಿ ಬರೆದು ಹಾಕುತ್ತೀರಾ ಅಂತ ಕೇಳಿದೆ. ಹಾಕಿಸುತ್ತೇನೆ ಅಂದಿದ್ದಾರೆ. ಶಿರಸಿ ಅಣ್ಣಾ, ನೀವು ಹೇಳಿದ ಬಣ್ಣದ ಗೆರೆ ದೊಡ್ಡ ಆಟಗಳಲ್ಲಿ ಕಂಡಿತು, ಕಪ್ಪಿನ ಆಟದಲ್ಲಿ ಕಾಣಲಿಲ್ಲ. ಅಲ್ಲಿದ್ದ ಫಿಟರ್ ಹುಡುಗನಿಗೆ ತೋರಿಸಿದೆ. ತೆರೆಯುವ ಮೊದಲು ಎಲ್ಲ ಬಿಚ್ಚಿ ಹೊಸ ಬೋಲ್ಟ್ ಹಾಕುವುದಿದೆ, ಆಗ ಗೆರೆ ಎಳೆಯುತ್ತೇವೆ ಅಂದ. ನಾನು ನೋಡಲು ಬರುತ್ತೇನೆ ಅಂತ ಹೇಳಿ ಬಂದಿದ್ದೇನೆ.

ಆಪರೇಟರ್ ಕೆಲಸ ಬೇಡ ಅಂದೆ. ಶಾಲೆ ಗುಂಪು ಮತ್ತು ತಪ್ಪಿಹೋದ ಮಕ್ಕಳ ಡೆಸ್ಕ್ ಅಂತ ಹೇಳಿದಾಗ ಮ್ಯಾನೇಜರ್ ಪೆನ್ನು ತೆಗೆದು ಬರೆದುಕೊಂಡರು. ಹೋದ ಸೀಸನ್‌ನಲ್ಲಿ ಒಂದು ಶಾಲೆಯ ಬಸ್ಸು ಹೊರಟ ಮೇಲೆ ಒಬ್ಬ ಹುಡುಗ ಲಾಕರ್ ಕೋಣೆಯಲ್ಲೇ ಉಳಿದಿದ್ದನಂತೆ, ಅವರಿಗೆ ಅದು ನೆನಪಿಗೆ ಬಂತು. ವಾರಕ್ಕೆ ನಾಲ್ಕು ದಿನ, ಶನಿವಾರ ಭಾನುವಾರ ಸೇರಿ, ಅಕ್ಟೋಬರ್‌ನಿಂದ ಮೇ ಕೊನೆಯವರೆಗೆ. ಸಂಬಳ 9 ಸಾವಿರ. ಡೆಸ್ಕಿಗೆ ಮಾಡು, ಕುರ್ಚಿ, ಫ್ಯಾನ್ ಕೊಡುತ್ತಾರೆ. ಮಕ್ಕಳ ಕೊಳಕ್ಕೆ ಇಬ್ಬರು ಲೈಫ್‌ಗಾರ್ಡ್ ಇದ್ದೇ ಇರುತ್ತಾರೆ, ನನ್ನನ್ನು ಅಲ್ಲಿ ಒಬ್ಬಳನ್ನೇ ನಿಲ್ಲಿಸುವುದಿಲ್ಲ ಅಂತ ಪತ್ರದಲ್ಲಿ ಬರೆಯಲು ಒಪ್ಪಿದ್ದಾರೆ. ಇಎಸ್‌ಐ ಇದೆ. ವ್ಯಾನ್ ಕುಮಟಾ ಬಸ್ ಸ್ಟ್ಯಾಂಡಿನವರೆಗೆ ಬರುತ್ತದೆ.

ಡಾಕ್ಟರನ್ನೂ ಕಂಡೆ. ಕೋಡಿಬಾಗ ಸರ್ ಹೇಳಿದ್ದು ಸರಿ, ನನ್ನ ಮಾತ್ರೆಯಲ್ಲಿ ಒಂದು ಅಂಥದ್ದೇ. ಸೀಸನ್ ಶುರುವಾಗುವ ಮೊದಲು ಮತ್ತೆ ಬಿಪಿ ನೋಡಿ ಬದಲಾಯಿಸುವುದೋ ಏನೋ ಹೇಳುತ್ತಾರೆ. ಮಗ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಪತ್ರ ಬಂದ ಮೇಲೆ ನನಗೆ ತೋರಿಸು, ಸಹಿ ಹಾಕುವ ಮೊದಲು ಓದುತ್ತೇನೆ ಅಂದಿದ್ದಾನೆ.

ಕಾರವಾರದ ತಂಗಿ, ಒಂದೇ ಪ್ರಶ್ನೆ ಉಳಿದಿದೆ. ಕಾಲಿಗೆ ಏನು ಹಾಕಿಕೊಳ್ಳಬೇಕು? ಮನೆಯಲ್ಲಿ ಇರುವುದು ಹವಾಯಿ ಚಪ್ಪಲಿ ಮತ್ತೆ ಶಾಲೆಗೆ ಹಾಕುತ್ತಿದ್ದ ಸ್ಯಾಂಡಲ್.

ಕಾರವಾರದ ಸೊಸೆ

ಅಕ್ಕೋರೆ, ಓದಿ ತುಂಬಾ ಖುಷಿ ಆಯಿತು! ಹವಾಯಿ ಬೇಡವೇ ಬೇಡ, ಒದ್ದೆ ಟೈಲ್ಸ್ ಮೇಲೆ ಸೀದಾ ಜಾರುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ, ಅಡಿಯಲ್ಲಿ ಆಳವಾದ ಗೀರು ಇರುವ ರಬ್ಬರ್ ಸ್ಯಾಂಡಲ್ ತಗೊಳ್ಳಿ. ಅರ್ಧ ಸೈಜ್ ದೊಡ್ಡದು ಇರಲಿ, ಸಂಜೆಗೆ ಪಾದ ಊದುತ್ತದೆ. ಹಾಗಾಗಿ ಅಂಗಡಿಗೂ ಸಂಜೆ ಹೊತ್ತಿಗೇ ಹೋಗಿ ಹಾಕಿ ನೋಡಿ. ಎರಡು ಜೊತೆ ಇದ್ದರೆ ಒಂದು ಒಣಗುವಷ್ಟರಲ್ಲಿ ಇನ್ನೊಂದು ಹಾಕಬಹುದು, ಒದ್ದೆಯದನ್ನೇ ದಿನಾ ಹಾಕಿದರೆ ಬೆರಳ ಸಂದಿಯಲ್ಲಿ ಹುಣ್ಣಾಗುತ್ತದೆ. ಮನೆಗೆ ಬಂದ ಮೇಲೆ ಕಾಲು ತೊಳೆದು ಬೆರಳ ಮಧ್ಯೆ ಚೆನ್ನಾಗಿ ಒರೆಸಿಕೊಂಡು ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ, ಕ್ಲೋರಿನ್ ನೀರಿಗೆ ಚರ್ಮ ಒಡೆಯುತ್ತದೆ.

ಡೆಸ್ಕ್‌ನಲ್ಲಿ ಒಂದು ಒಣಗಿದ ಟವಲ್, ಬಿಸ್ಕೀಟ್ ಪ್ಯಾಕೆಟ್, ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ. ಬಿಸ್ಕೀಟ್ ಮಾತ್ರ ಅಪ್ಪ ಅಮ್ಮ ಬಂದ ಮೇಲೆ ಕೇಳಿಯೇ ಕೊಡಿ, ಕೆಲವು ಮಕ್ಕಳಿಗೆ ಅಲರ್ಜಿ ಇರುತ್ತದೆ. ಡಿಸೆಂಬರ್‌ನಲ್ಲಿ ಮಗನನ್ನು ಕರೆದುಕೊಂಡು ಬರುತ್ತೇನೆ.